ಬಿಸಿಯಾದ ಮೇಲೆ ನಿಲ್ಲುವ ಹಳೆಯ ಔಟ್‌ಬೋರ್ಡ್ ಮೋಟಾರು: ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ನಿಧಾನದೋಣಿ

ನನ್ನಲ್ಲಿ ದೋಣಿಯ ಹಿಂಬದಿಗೆ ಕಚ್ಚಿಸುವ, 1980ರ ದಶಕದ, ಎರಡು ಸಿಲಿಂಡರಿನ, 25 ಅಶ್ವಶಕ್ತಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರೊಂದಿದೆ. ತಣ್ಣಗಿದ್ದಾಗ ಅದರ ಮೇಲೆ ದೂರುವಂಥದ್ದೇನೂ ಇಲ್ಲ. ಚೋಕ್ ಎಳೆದು ಹಗ್ಗ ಜಗ್ಗಿದರೆ ತಕರಾರಿಲ್ಲದೆ ಹೊರಡುತ್ತದೆ, ನಿಧಾನ ವೇಗದಲ್ಲಿ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ತೊಂದರೆ ಶುರುವಾಗುವುದು ಪೂರ್ತಿ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಸಾಗಿದ ಮೇಲೆ. ಆಗ ಇಂಜಿನ್ನಿನ ಸದ್ದು ಕುಗ್ಗುತ್ತದೆ, ಒಮ್ಮೆ ಏರಿ ಮತ್ತೆ ಇಳಿಯುತ್ತದೆ, ಕೊನೆಗೆ ನಿಂತುಬಿಡುತ್ತದೆ. ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಪ್ಲಗ್‌ಗಳನ್ನು ಬದಲಿಸಿದ್ದೇನೆ, ಕಾರ್ಬುರೇಟರನ್ನು ಬಿಚ್ಚಿ ತೊಳೆಸಿದ್ದೇನೆ. ತೋರಿಸಿದ ಕಡೆಯಲ್ಲೆಲ್ಲ ಕಾಯಿಲ್ ಬದಲಿಸಿ, ಪಂಪ್ ಬದಲಿಸಿ ಎನ್ನುತ್ತಾರೆ. ಒಬ್ಬರಂತೂ ಮೋಟಾರನ್ನೇ ಬದಲಿಸಿ ಎಂದರು. ಒಂದೊಂದಾಗಿ ಭಾಗಗಳನ್ನು ಕೊಂಡು ಹಾಕುತ್ತ ಹೋಗುವ ಮನಸ್ಸು ನನಗಿಲ್ಲ. ಇಷ್ಟು ಹಳೆಯ ಮೋಟಾರನ್ನು ನೆಚ್ಚಿಕೊಂಡು ದಡದಿಂದ ದೂರ ಹೋಗುವಂತೆ ಮಾಡಿಕೊಳ್ಳಲು ಸಾಧ್ಯವೇ, ಸಾಧ್ಯವಾದರೆ ಎಲ್ಲಿಂದ ಹುಡುಕಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಅಲೆಗಾರ

ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪನ್ನು ಬಿಚ್ಚಿದ್ದೀರಾ? ಮುಕ್ಕಾಲು ಪಾಲು ದೂರುಗಳು ಅಲ್ಲೇ ಮುಗಿಯುತ್ತವೆ.

ನಿಧಾನದೋಣಿ

ಬಿಚ್ಚಿದ್ದೇನೆ. ಮುಚ್ಚಳವನ್ನೇ ಸಡಿಲಿಸಿಯೂ ಓಡಿಸಿ ನೋಡಿದ್ದೇನೆ, ವ್ಯತ್ಯಾಸ ಕಾಣಲಿಲ್ಲ.

ಫ್ಲೈವೀಲ್ ಪಂಡಿತ

ಬಿಸಿಯಾದಾಗ ಸಾಯುವುದು, ಆರಿದಾಗ ಬದುಕುವುದು ಇಗ್ನಿಷನ್ನಿನ, ಅಂದರೆ ಕಿಡಿ ಹುಟ್ಟಿಸುವ ವ್ಯವಸ್ಥೆಯ, ಹಳೆಯ ರೋಗ. ಕಾಯಿಲ್ ಒಳಗಿನ ತಂತಿಯ ಸುತ್ತುಗಳು ಬಿಸಿಗೆ ಹಿಗ್ಗುತ್ತವೆ; ಮೇಲಿನ ಹೊದಿಕೆ ಹಳತಾಗಿ ಬಿರುಕು ಬಿಟ್ಟಿದ್ದರೆ ಕಿಡಿ ಪ್ಲಗ್ ತಲುಪುವ ಮೊದಲೇ ಬೇರೆ ದಾರಿಯಲ್ಲಿ ಸೋರಿಹೋಗುತ್ತದೆ. ಸಿಡಿಐ (ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇರುವ ಮೋಟಾರಿನಲ್ಲಿ ಫ್ಲೈವೀಲ್ ಕೆಳಗೆ ವಿದ್ಯುತ್ ಹುಟ್ಟಿಸುವ ಸ್ಟೇಟರಾಗಲಿ ಕಿಡಿಯನ್ನು ನಿಯಂತ್ರಿಸುವ ಪವರ್ ಪ್ಯಾಕ್ ಆಗಲಿ ಇದೇ ರೀತಿ ಬಿಸಿಗೆ ಕೈಕೊಡುತ್ತವೆ. ತಣ್ಣಗಿರುವಾಗ ಅಳೆದರೆ ಮೀಟರ್ ಎಲ್ಲವೂ ಸರಿಯಾಗಿದೆ ಎಂದೇ ತೋರಿಸುತ್ತದೆ. ನನ್ನ ಮಾತು ಕೇಳುವುದಾದರೆ ಕಾರ್ಬುರೇಟರಿನ ತಂಟೆ ಬಿಟ್ಟು ಫ್ಲೈವೀಲ್ ಎತ್ತಿ ನೋಡಿ.

ತುಕ್ಕುವೈರಿ

ಪಂಡಿತರು ಹೇಳಿದ ರೋಗ ಇರುವುದು ನಿಜ. ಆದರೆ ಲಕ್ಷಣಗಳನ್ನು ಇನ್ನೊಮ್ಮೆ ಓದಿ. ಕಿಡಿ ತಪ್ಪಿದ ಇಂಜಿನ್ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ, ಅಥವಾ ಒಂದು ಸಿಲಿಂಡರ್ ಬಿಟ್ಟು ಕುಂಟುತ್ತದೆ. ಸದ್ದು ಕುಗ್ಗಿ, ಮತ್ತೊಮ್ಮೆ ಏರಿ, ಆಮೇಲೆ ನಿಲ್ಲುವುದು ಪೆಟ್ರೋಲ್ ಸಾಲದ ಇಂಜಿನ್ನಿನ ನಡವಳಿಕೆ. ಹಾಗೆಂದು ನಾನೂ ಪಣ ಕಟ್ಟುವುದಿಲ್ಲ. ಊಹೆ ಮಾಡುವ ಬದಲು ಅಳೆಯುವುದೇ ಲೇಸು.

ನಿಧಾನದೋಣಿಯವರೇ, ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿ. ಪ್ಲಗ್‌ಗಳನ್ನೆಲ್ಲ ತೆಗೆದು, ಪ್ಲಗ್ ತಂತಿಗಳನ್ನು ಇಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿ ಅರ್ತ್ ಮಾಡಿ, ಪ್ಲಗ್ಗಿನ ರಂಧ್ರಕ್ಕೆ ಒತ್ತಡದ ಮೀಟರ್ ಕೂರಿಸಿ, ಥ್ರಾಟಲ್ ಪೂರ್ತಿ ತೆರೆದು ಮುಳ್ಳು ಮೇಲೇರುವುದು ನಿಲ್ಲುವವರೆಗೂ ಹಗ್ಗ ಎಳೆಯಬೇಕು. ಮೀಟರಿನಿಂದ ಮೀಟರಿಗೆ ಅಂಕಿ ಬೇರೆಯಾಗುವುದರಿಂದ ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅದು ಶೇಕಡ 10ರ ಒಳಗಿದ್ದರೆ ಇಂಜಿನ್ನಿನ ಮೈ ಗಟ್ಟಿಯಾಗಿದೆ ಎಂದು ಮುಂದುವರಿಯಬಹುದು. ಅಲ್ಲೇ ಸೋತಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ.

ಎರಡನೆಯದಾಗಿ, ಅಂತರ ಹೊಂದಿಸಬಹುದಾದ ಕಿಡಿ ಪರೀಕ್ಷಕವೊಂದನ್ನು ಜೊತೆಯಲ್ಲೇ ಒಯ್ಯಿರಿ. ಪಾಯಿಂಟ್ ಇರುವ ಹಳೆಯ ಬಗೆಯ ಮ್ಯಾಗ್ನೆಟೋ ಕಿಡಿ ವ್ಯವಸ್ಥೆಯಾದರೆ ಕಿಡಿ 6 ಮಿ.ಮೀ. ಅಂತರವನ್ನೂ, ಸಿಡಿಐ ಆದರೆ ಸುಮಾರು 11 ಮಿ.ಮೀ. ಅಂತರವನ್ನೂ ಹಾರಬೇಕು. ಇದನ್ನು ಮೋಟಾರು ನಿಂತ ಆ ಕ್ಷಣದಲ್ಲೇ, ಬಿಸಿ ಆರುವ ಮೊದಲು ನೋಡಬೇಕು. ಸುತ್ತ ಪೆಟ್ರೋಲಿನ ಆವಿ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡೇ ಈ ಕೆಲಸಕ್ಕೆ ಕೈಹಾಕಿ.

ಮೂರನೆಯದಕ್ಕೆ ಉಪಕರಣವೇ ಬೇಡ. ಸದ್ದು ಕುಗ್ಗಲು ಶುರುವಾದ ಕೂಡಲೇ ಜೊತೆಗಿರುವವರೊಬ್ಬರು ಪೆಟ್ರೋಲ್ ಪೈಪಿನ ಪ್ರೈಮರ್ ಬಲ್ಬನ್ನು (ಕೈಯಿಂದ ಒತ್ತಿ ಪೆಟ್ರೋಲ್ ತುಂಬಿಸುವ ರಬ್ಬರ್ ಉಂಡೆ) ಹಿಡಿದು ನೋಡಲಿ. ಅದು ಗಟ್ಟಿಯಾಗಿದೆಯೋ, ಮೆತ್ತಗಿದೆಯೋ, ಒಳಕ್ಕೆ ಹೀರಿಕೊಂಡಿದೆಯೋ ಎಂಬುದನ್ನು ಇಲ್ಲಿ ಬರೆಯಿರಿ.

ಕಡಲಕಾಗೆ

ಒಂದು ಎಚ್ಚರಿಕೆಯ ಮಾತು. ಕಾರಣ ಸಿಗುವವರೆಗೂ ಪೂರ್ತಿ ಥ್ರಾಟಲ್‌ನಲ್ಲಿ ಪದೇ ಪದೇ ಓಡಿಸಬೇಡಿ. ಟೂ-ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಉರಿಯ ಬಿಸಿ ಏರುವುದರ ಜೊತೆಗೆ ಜಿಡ್ಡೂ ಕಡಿಮೆಯಾಗುತ್ತದೆ. ಪಿಸ್ಟನ್ ತಲೆ ಕರಗಿ ತೂತಾದ ಇಂಜಿನ್ನುಗಳಲ್ಲಿ ಎಷ್ಟೋ ಹೀಗೆ ಹಾಳಾದವೇ. ಒಂದೆರಡು ಸಲ ಪರೀಕ್ಷೆಗೆಂದು ಓಡಿಸಿದರೆ ಸಾಕು.

ಹೊಸಬ_25

ನಾನು ಈಚೆಗಷ್ಟೇ ಒಂದು ಹಳೆಯ ಮೋಟಾರು ಕೊಂಡಿದ್ದೇನೆ. ಎಣ್ಣೆಯ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ: ಎಷ್ಟು ಬೆರೆಸಬೇಕು? ಒಬ್ಬರು 50ಕ್ಕೆ 1 ಎನ್ನುತ್ತಾರೆ, ಇನ್ನೊಬ್ಬರು ಹಳೆಯದಾದ್ದರಿಂದ ದುಪ್ಪಟ್ಟು ಹಾಕಿ ಎನ್ನುತ್ತಾರೆ.

ಅಲೆಗಾರ

ಹೆಚ್ಚು ಹಾಕಿದರೆ ನಷ್ಟವೇನೂ ಇಲ್ಲ, ಸ್ವಲ್ಪ ಹೊಗೆ ಬರುತ್ತದೆ ಅಷ್ಟೇ.

ತುಕ್ಕುವೈರಿ

ಅಲೆಗಾರರ ಮಾತನ್ನು ನಾನು ಒಪ್ಪುವುದಿಲ್ಲ. ಎಣ್ಣೆ ಹೆಚ್ಚಾದಷ್ಟೂ ಕಾರ್ಬುರೇಟರಿನ ಸಣ್ಣ ರಂಧ್ರವಾದ ಅದೇ ಜೆಟ್‌ನಲ್ಲಿ ಹಾದುಹೋಗುವ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಪ್ಲಗ್ ಜಿಡ್ಡುಗಟ್ಟುತ್ತದೆ, ರಿಂಗ್‌ಗಳ ಸುತ್ತ ಇಂಗಾಲ ಕೂರುತ್ತದೆ. ತಯಾರಕರು ಹೇಳಿದ ಪ್ರಮಾಣವೇ ಸರಿ. ಆ ಪ್ರಮಾಣ ಇಂಜಿನ್ನಿನ ಒಳಗಿರುವ ಬೇರಿಂಗನ್ನು ಅವಲಂಬಿಸಿರುತ್ತದೆಯೇ ಹೊರತು ಅದರ ವಯಸ್ಸನ್ನಲ್ಲ. ಜಾನ್ಸನ್ ಮತ್ತು ಎವಿನ್‌ರೂಡ್ ಮೋಟಾರುಗಳನ್ನೇ ತೆಗೆದುಕೊಂಡರೆ, 1964ರಿಂದ ಈಚಿನ ಹೆಚ್ಚಿನ ಮಾದರಿಗಳಿಗೆ 50:1 ಸಾಕು; ಅದಕ್ಕಿಂತ ಹಿಂದಿನವಕ್ಕೆ 24:1 ಬೇಕು; ರೋಲರ್ ಬೇರಿಂಗ್ ಇಲ್ಲದೆ ಬರೀ ಬುಷ್ ಮೇಲೆ ತಿರುಗುವ ಇನ್ನೂ ಹಳೆಯವಕ್ಕೆ 16:1 ಬೇಕಾಗುತ್ತದೆ. 50:1 ಎಂದರೆ 25 ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್ ಎಣ್ಣೆ.

ಕಡಲಕಾಗೆ

ಇದಕ್ಕೆ ಒಂದು ಸೇರ್ಪಡೆ. 1980ರ ದಶಕದ ಮಧ್ಯಭಾಗದ ಕೆಲವು ಮೋಟಾರುಗಳ ಮೇಲೆ 100:1 ಎಂದು ಬರೆದಿರುವುದುಂಟು. ತಯಾರಕರೇ ಆಮೇಲೆ 50:1ಕ್ಕೆ ಮರಳಿದರು. ಅಂಥ ಬರಹ ಕಂಡರೆ ನಂಬದೆ 50:1 ಬೆರೆಸಿ. ಎಣ್ಣೆಯ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತು ಇರಲೇಬೇಕು. ಗಾಳಿಯಿಂದ ತಣಿಯುವ ಬೈಕಿನ ಟೂ-ಸ್ಟ್ರೋಕ್ ಎಣ್ಣೆ ಬೇರೆ ಜಾತಿಯದು. ನೀರಿನಿಂದ ತಣಿಯುವ, ಗಂಟೆಗಟ್ಟಲೆ ಒಂದೇ ವೇಗದಲ್ಲಿ ದುಡಿಯುವ ಔಟ್‌ಬೋರ್ಡಿಗೆ ಬೂದಿ ಉಳಿಸದ ಎಣ್ಣೆಯೇ ಬೇಕು.

ಫ್ಲೈವೀಲ್ ಪಂಡಿತ

ಎಣ್ಣೆಯ ಚರ್ಚೆ ಶುರುವಾದರೆ ಮುಗಿಯುವುದಿಲ್ಲ. ಮೂಲ ಪ್ರಶ್ನೆಗೆ ಮರಳೋಣ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನೂ ಮರೆಯಬೇಡಿ. ಅದರೊಳಗೆ ಉಪ್ಪು ಕೂತು ತುಕ್ಕು ಹಿಡಿದಿದ್ದರೆ ಕಂಪನಕ್ಕೆ ತಾಗಿ ಕಿಡಿಯನ್ನು ಅರ್ತ್ ಮಾಡಿಬಿಡುತ್ತದೆ. ಅದರ ತಂತಿಯನ್ನು ತಾತ್ಕಾಲಿಕವಾಗಿ ಬಿಚ್ಚಿ ಓಡಿಸಿದರೆ ಗೊತ್ತಾಗುತ್ತದೆ. ಹಾಗೆ ಬಿಚ್ಚಿದ ಮೇಲೆ ಇಂಜಿನ್ ನಿಲ್ಲಿಸಲು ಚೋಕ್ ಎಳೆಯಬೇಕು ಎಂಬುದು ನೆನಪಿರಲಿ. ಪರೀಕ್ಷೆ ಮುಗಿದ ಕೂಡಲೇ ತಂತಿಯನ್ನು ಮೊದಲಿನಂತೆ ಜೋಡಿಸಿ.

ನಿಧಾನದೋಣಿ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆಯೇ ಪರೀಕ್ಷಿಸಿದೆ. ಕಂಪ್ರೆಷನ್ ಮೇಲಿನ ಸಿಲಿಂಡರಿನಲ್ಲಿ 118, ಕೆಳಗಿನದರಲ್ಲಿ 115 ಪಿಎಸ್‌ಐ ಬಂತು. ನಿಂತ ಕೂಡಲೇ ಪರೀಕ್ಷಕ ಹಾಕಿ ಎಳೆದಾಗ ಎರಡೂ ಕಡೆ ನೀಲಿ ಕಿಡಿ ಅಂತರವನ್ನು ಸಲೀಸಾಗಿ ಹಾರಿತು. ಬಲ್ಬಿನ ವಿಷಯ ಕುತೂಹಲಕರವಾಗಿದೆ. ಸದ್ದು ಕುಗ್ಗುತ್ತಿದ್ದಾಗ ಅದರ ಎರಡೂ ಪಕ್ಕಗಳು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದವು. ಇಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗಿಯೇ ಉಬ್ಬಿ ಮೊದಲಿನ ಆಕಾರಕ್ಕೆ ಬಂತು.

ತುಕ್ಕುವೈರಿ

ಕಳ್ಳ ಸಿಕ್ಕಿದ ಹಾಗೆಯೇ. ಬಲ್ಬ್ ಚಪ್ಪಟೆಯಾಗುತ್ತದೆ ಎಂದರೆ ಪಂಪ್ ಎಳೆಯುತ್ತಿದೆ, ಆದರೆ ಬಲ್ಬಿನ ಹಿಂದಿನಿಂದ, ಅಂದರೆ ಟ್ಯಾಂಕಿನ ಕಡೆಯಿಂದ, ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಪಂಪ್ ಆರೋಗ್ಯವಾಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬಲ್ಬ್ ಮೆತ್ತಗಿದ್ದು, ಅದನ್ನು ಕೈಯಿಂದ ಒತ್ತುತ್ತಿದ್ದಷ್ಟು ಹೊತ್ತು ಇಂಜಿನ್ ಚೇತರಿಸಿಕೊಂಡಿದ್ದರೆ ಪಂಪಿನೊಳಗಿನ ಡಯಾಫ್ರಮ್ ಎಂಬ ಪೊರೆ ಸೋತಿದೆ ಅಥವಾ ಪೈಪಿನ ಜೋಡಣೆಯಲ್ಲಿ ಗಾಳಿ ಒಳನುಗ್ಗುತ್ತಿದೆ ಎನ್ನಬಹುದಾಗಿತ್ತು. ಬಲ್ಬ್ ಗಟ್ಟಿಯಾಗಿಯೇ ಇದ್ದೂ ಇಂಜಿನ್ ಸಾಯುತ್ತಿದ್ದರೆ ತಡೆ ಕಾರ್ಬುರೇಟರಿನ ಕಡೆಗಿದೆ ಎಂದೋ, ಪಂಡಿತರು ಹೇಳುವಂತೆ ಕಿಡಿಯ ದೋಷವೆಂದೋ ತಿಳಿಯಬೇಕಾಗಿತ್ತು.

ಈಗ ನೋಡಬೇಕಾದದ್ದು ಟ್ಯಾಂಕಿನೊಳಗಿನ ಹೀರು ಕೊಳವೆಯ ತುದಿಯ ಜಾಲರಿ, ಟ್ಯಾಂಕಿನ ಕನೆಕ್ಟರ್, ಅಲ್ಲಿಂದ ಬಲ್ಬಿನವರೆಗಿನ ಪೈಪು. ನನ್ನ ಗುಮಾನಿ ಪೈಪಿನ ಮೇಲೆ. ಎಥನಾಲ್ ಬೆರೆಸಿದ ಪೆಟ್ರೋಲಿಗಾಗಿ ಮಾಡಿರದ ಹಳೆಯ ಪೈಪುಗಳ ಒಳಪದರ ಕ್ರಮೇಣ ಸಡಿಲಗೊಂಡು ಮೇಲೇಳುತ್ತದೆ. ಹೊರಗಿನಿಂದ ನೋಡಿದರೆ ಪೈಪು ಹೊಸದರಂತೆಯೇ ಕಾಣುತ್ತದೆ.

ಫ್ಲೈವೀಲ್ ಪಂಡಿತ

ಬಿಸಿಯಲ್ಲೂ ಕಿಡಿ ಅಂತರ ಹಾರಿದೆ ಎಂದ ಮೇಲೆ ನಾನು ವಾದಿಸುವುದಿಲ್ಲ. ಈ ಪ್ರಕರಣಕ್ಕಷ್ಟೇ.

ಹೊಸಬ_25

ಆದರೆ ಹದಿನೈದು ನಿಮಿಷ ಬಿಟ್ಟರೆ ಸರಿಯಾಗುವುದೇಕೆ? ಪೈಪು ಕಟ್ಟಿಕೊಂಡಿದ್ದರೆ ಕಟ್ಟಿಕೊಂಡೇ ಇರಬೇಕಲ್ಲವೇ?

ಕಡಲಕಾಗೆ

ಒಳ್ಳೆಯ ಪ್ರಶ್ನೆ. ಎದ್ದ ಪದರವು ಎಳೆತ ಜೋರಾದಾಗ ಮಾತ್ರ ಒಳಕ್ಕೆ ಮಡಚಿ ದಾರಿ ಮುಚ್ಚುತ್ತದೆ. ನಿಧಾನ ವೇಗದಲ್ಲಿ ಇಂಜಿನ್ನಿಗೆ ಬೇಕಾಗುವ ಪೆಟ್ರೋಲ್ ಅತ್ಯಲ್ಪವಾದ್ದರಿಂದ ಉಳಿದ ಸಂದಿಯಲ್ಲೇ ಸಾಕಷ್ಟು ಹರಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಬರುವುದಕ್ಕಿಂತ ಖರ್ಚಾಗುವುದು ಹೆಚ್ಚು. ಕಾರ್ಬುರೇಟರಿನ ಬಟ್ಟಲಿನಲ್ಲಿರುವ ದಾಸ್ತಾನು ಮುಗಿಯುವವರೆಗೆ ಓಡಿ ಆಮೇಲೆ ಸೊರಗುತ್ತದೆ. ನಿಂತ ಮೇಲೆ ಎಳೆತ ತಗ್ಗುತ್ತದೆ, ಪದರ ಸಡಿಲಾಗುತ್ತದೆ, ಪೈಪು ತುಂಬಿಕೊಳ್ಳುತ್ತದೆ. ಹಾಗಾಗಿ ನೋಡುವವರಿಗೆ ಇದು ಬಿಸಿಯ ದೋಷದಂತೆ ಕಾಣುತ್ತದೆ.

ನಿಧಾನದೋಣಿ

ಪೈಪನ್ನು ಉದ್ದಕ್ಕೆ ಸೀಳಿಯೇ ನೋಡಿದೆ. ಟ್ಯಾಂಕಿನ ಕನೆಕ್ಟರಿನಿಂದ ನಾಲ್ಕು ಬೆರಳು ದೂರದಲ್ಲಿ ಒಳಗಿನ ಕಪ್ಪು ಪದರ ಒಂದು ಪಕ್ಕದಿಂದ ಕಿತ್ತು, ನಾಲಗೆಯ ಹಾಗೆ ಒಳಕ್ಕೆ ಇಳಿಬಿದ್ದಿತ್ತು. ಬೆರಳಿನಲ್ಲಿ ಉಜ್ಜಿದರೆ ಜಿಗುಟಾದ ಮಸಿ ಅಂಟಿಕೊಂಡಿತು. ಕಾರ್ಬುರೇಟರ್ ತೊಳೆಸಿದಾಗ ಬಟ್ಟಲಿನ ತಳದಲ್ಲಿ ಕಂಡ ಕಪ್ಪು ಚೂರುಗಳು ಎಲ್ಲಿಂದ ಬಂದವೆಂಬುದು ಈಗ ಗೊತ್ತಾಯಿತು. ಎಥನಾಲ್ ತಡೆಯುವ ಪೈಪು, ಹೊಸ ಬಲ್ಬ್, ಎರಡೂ ತುದಿಗಳಿಗೆ ಹೊಸ ಕನೆಕ್ಟರ್ ಹಾಕಿದ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಒಂದೇ ಸಮನೆ ಓಡುತ್ತಿದೆ.

ಇಷ್ಟಾದ ಮೇಲೆ ಮಿಕ್ಕ ಕೆಲಸಗಳನ್ನೂ ಸರಿಯಾಗಿ ಮಾಡಿ ಮುಗಿಸುವ ಆಸೆ ಹುಟ್ಟಿದೆ. ಈ ಮೋಟಾರಿನ ಇಂಜಿನ್ನನ್ನು ತಣಿಸುವ ನೀರಿನ ಪಂಪ್ ಯಾವಾಗ ಬದಲಾಗಿದೆಯೋ ಹಿಂದಿನ ಮಾಲೀಕರಿಗೂ ನೆನಪಿಲ್ಲ.

ಅಲೆಗಾರ

ಹಿಂದಿನ ರಂಧ್ರದಿಂದ ನೀರು ಚಿಮ್ಮುತ್ತಿದೆಯಲ್ಲ? ಚಿಮ್ಮುವವರೆಗೂ ಮುಟ್ಟಬೇಡಿ. ಕೆಡದಿರುವುದನ್ನು ಬಿಚ್ಚುವುದೇ ಕೆಡಿಸುವ ಮೊದಲ ಹೆಜ್ಜೆ.

ತುಕ್ಕುವೈರಿ

ಬೇರೆ ಭಾಗಗಳ ಮಟ್ಟಿಗೆ ಅಲೆಗಾರರ ಮಾತನ್ನು ಒಪ್ಪುತ್ತೇನೆ, ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರವಾದ ಇಂಪೆಲ್ಲರಿನ ಮಟ್ಟಿಗೆ ಮಾತ್ರ ಒಪ್ಪಲಾರೆ. ಅದು ರಬ್ಬರ್. ಓಡಿಸದೆ ಇಟ್ಟರೂ ಅದರ ರೆಕ್ಕೆಗಳು ಬಾಗಿದ ಸ್ಥಿತಿಯಲ್ಲೇ ಸೆಟೆದುಕೊಳ್ಳುತ್ತವೆ. ಆಗ ಹೆಚ್ಚು ವೇಗದಲ್ಲಿ ನೀರು ಚೆನ್ನಾಗಿಯೇ ಚಿಮ್ಮುತ್ತದೆ, ನಿಧಾನ ವೇಗದಲ್ಲಿ ಸಾಲುವುದಿಲ್ಲ. ಒಂದು ರೆಕ್ಕೆ ಮುರಿದರೆ ಅದರ ಚೂರು ಮೇಲಕ್ಕೆ ಹೋಗಿ ತಣಿಸುವ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಚೂರನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿದರೂ ಇಂಜಿನ್ ಅತಿಯಾಗಿ ಬಿಸಿಯಾಗುತ್ತಲೇ ಇರುತ್ತದೆ. ಹಳೆಯ ಮೋಟಾರುಗಳಲ್ಲಿ ಬಹಳಷ್ಟಕ್ಕೆ ಬಿಸಿಯ ಎಚ್ಚರಿಕೆ ಗಂಟೆಯೂ ಇರುವುದಿಲ್ಲ. ಒಂದೆರಡು ವರ್ಷಕ್ಕೊಮ್ಮೆ ಬದಲಿಸುವುದು ಕಡಿಮೆ ಖರ್ಚಿನ ವಿಮೆ.

ಕೆಲಸ ಮಾಡುವಾಗ ಗಮನಿಸಬೇಕಾದ ಸಂಗತಿಗಳಿವೆ. ಇಂಪೆಲ್ಲರ್ ಜೊತೆಗೆ ಅದರ ಬಟ್ಟಲು, ಅಡಿಯ ಉಕ್ಕಿನ ತಟ್ಟೆ, ಗ್ಯಾಸ್ಕೆಟ್ ಇವನ್ನೂ ನೋಡಿ. ಮರಳಿನಿಂದ ಗೀರು ಬಿದ್ದ ತಟ್ಟೆಯ ಮೇಲೆ ಹೊಸ ರಬ್ಬರ್ ಕೂರಿಸಿ ಪ್ರಯೋಜನವಿಲ್ಲ. ಕೂರಿಸುವಾಗ ರೆಕ್ಕೆಗಳಿಗೆ ಗ್ಲಿಸರಿನ್ ಅಥವಾ ಸೋಪಿನ ನೀರು ಸವರಿ, ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತ ಬಟ್ಟಲನ್ನು ಕೆಳಗೆ ಒತ್ತಿ. ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಗ್ರೀಸ್ ಹಚ್ಚಿ, ತುದಿಯ ನೆತ್ತಿಗೆ ಹಚ್ಚಬೇಡಿ. ಅಲ್ಲಿ ತುಂಬಿಕೊಂಡ ಗ್ರೀಸಿಗೆ ಹೋಗಲು ಜಾಗವಿಲ್ಲದೆ ಕೆಳಭಾಗ ಪೂರ್ತಿ ಕೂರದೇ ಹೋಗಬಹುದು. ನೀರಿನ ಕೊಳವೆ ರಬ್ಬರ್ ಬಳೆಯೊಳಗೆ ನೇರವಾಗಿ ಇಳಿಯಿತೇ ಎಂದು ಟಾರ್ಚ್ ಹಿಡಿದು ನೋಡಿ. ಆಮೇಲೆ ಬೋಲ್ಟ್ ಬಿಗಿಯಿರಿ, ಅದಕ್ಕೆ ಮೊದಲು ಬೇಡ.

ಕಡಲಕಾಗೆ

ಇಂಪೆಲ್ಲರ್ ಹಾಕಿದ ಮೇಲೆ ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಒಣ ಬಟ್ಟಲಿನಲ್ಲಿ ರಬ್ಬರ್ ಉರಿದುಹೋಗಲು ಕೆಲವೇ ಸೆಕೆಂಡು ಸಾಕು. ಹಾಗೆಯೇ ತಣಿಸುವ ನೀರಿನ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟನ್ನೂ ತೆಗೆದು ನೋಡಿ. ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆದುಕೊಳ್ಳುವಂತೆ ಮಾಡಿರುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿ ಅದನ್ನೂ ಥರ್ಮಾಮೀಟರನ್ನೂ ದಾರದಲ್ಲಿ ತೂಗುಬಿಟ್ಟರೆ ತೆರೆಯುವುದು ಕಣ್ಣಿಗೇ ಕಾಣುತ್ತದೆ. ಬೇಡವೆಂದು ಥರ್ಮೋಸ್ಟಾಟನ್ನೇ ಕಿತ್ತೊಗೆಯುವವರಿದ್ದಾರೆ; ಹಾಗೆ ಮಾಡಿದರೆ ಇಂಜಿನ್ ಸದಾ ತಣ್ಣಗಿದ್ದು, ಪೆಟ್ರೋಲ್ ಸರಿಯಾಗಿ ಉರಿಯದೆ, ಪ್ಲಗ್ ಮತ್ತು ರಿಂಗ್ ಮೇಲೆ ಮಸಿ ಕಟ್ಟುತ್ತದೆ.

ಹೊಸಬ_25

ಇನ್ನೊಂದು ಸಂದೇಹ. ಮನೆಗೆ ತಂದ ಮೇಲೆ ಪೈಪ್ ಕಿತ್ತು, ಕಾರ್ಬುರೇಟರಿನಲ್ಲಿರುವ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೂ ಓಡಿಸಬೇಕೇ?

ಅಲೆಗಾರ

ಖಂಡಿತ ಓಡಿಸಬೇಕು. ಇಲ್ಲದಿದ್ದರೆ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟಾಗಿ ಜೆಟ್ ಕಟ್ಟಿಕೊಳ್ಳುತ್ತದೆ.

ಫ್ಲೈವೀಲ್ ಪಂಡಿತ

ಖಂಡಿತ ಓಡಿಸಬಾರದು. ಕೊನೆಯ ಹನಿಗಳ ಹೊತ್ತಿಗೆ ಇಂಜಿನ್ ಪೆಟ್ರೋಲೂ ಇಲ್ಲದೆ ಎಣ್ಣೆಯೂ ಇಲ್ಲದೆ ತಿರುಗುತ್ತಿರುತ್ತದೆ. ಎರಡು ಮೂರು ಕಾರ್ಬುರೇಟರ್ ಇರುವ ಮೋಟಾರಿನಲ್ಲಿ ಒಂದು ಮೊದಲು ಬರಿದಾಗುತ್ತದೆ, ಆ ಸಿಲಿಂಡರನ್ನು ಉಳಿದವು ಒಣಗಿದಂತೆಯೇ ಎಳೆದಾಡುತ್ತವೆ.

ಅಲೆಗಾರ

ಐಡ್ಲಿಂಗ್ ವೇಗದಲ್ಲಿ ಅರ್ಧ ನಿಮಿಷ ಹಾಗೆ ತಿರುಗಿದರೆ ಆಕಾಶ ಕಳಚಿ ಬೀಳುವುದಿಲ್ಲ. ಜೆಟ್ ಕಟ್ಟಿಕೊಂಡು ಮುಂದಿನ ಸಲ ಒಂದು ಸಿಲಿಂಡರ್ ಪೆಟ್ರೋಲಿಲ್ಲದೆ ಓಡುವುದು ಅದಕ್ಕಿಂತ ದೊಡ್ಡ ಅಪಾಯ.

ಫ್ಲೈವೀಲ್ ಪಂಡಿತ

ಬಟ್ಟಲಿನ ಅಡಿಯಲ್ಲಿ ತಿರುಪು ಇರುವುದೇ ಬಸಿಯಲೆಂದು. ಬಸಿಯುವ ಸೌಲಭ್ಯವಿದ್ದೂ ಇಂಜಿನ್ನನ್ನು ಉಪವಾಸ ಕೆಡವುವುದು ಯಾವ ನ್ಯಾಯ?

ಕಡಲಕಾಗೆ

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಬೇರೆ ಬೇರೆ ಮೋಟಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ. ಒಂದೇ ಕಾರ್ಬುರೇಟರಿನ ಸಣ್ಣ ಮೋಟಾರನ್ನು ನಿಧಾನ ವೇಗದಲ್ಲಿ ಬರಿದು ಮಾಡುವುದರಿಂದ ಕೆಟ್ಟದ್ದು ನಾನು ಕಂಡಿಲ್ಲ. ಹೆಚ್ಚು ಕಾರ್ಬುರೇಟರುಗಳಿದ್ದರೆ ಪಂಡಿತರು ಹೇಳಿದಂತೆ ತಿರುಪು ತೆಗೆದು ಬಸಿಯಿರಿ. ವಾರದೊಳಗೆ ಮತ್ತೆ ಓಡಿಸುವುದಿದ್ದರೆ ಎರಡೂ ಬೇಡ. ತಿಂಗಳುಗಟ್ಟಲೆ ಇಡುವುದಿದ್ದರೆ, ಇಂಜಿನ್ ಇನ್ನೂ ಓಡುತ್ತಿರುವಾಗಲೇ ಕಾರ್ಬುರೇಟರಿನ ಬಾಯಿಗೆ ಫಾಗಿಂಗ್ ಎಣ್ಣೆಯನ್ನು (ಒಳಭಾಗಕ್ಕೆ ತುಕ್ಕು ತಡೆಯುವ ಲೇಪ ಕೊಡುವ ಎಣ್ಣೆ) ದಟ್ಟ ಹೊಗೆ ಬರುವಷ್ಟು ಸಿಂಪಡಿಸಿ. ಆಗ ಒಣಗುವ ಮಾತೇ ಬರುವುದಿಲ್ಲ, ಬೇರಿಂಗಿಗೂ ತುಕ್ಕು ಹಿಡಿಯುವುದಿಲ್ಲ. ಉಪ್ಪುನೀರಿನಲ್ಲಿ ಓಡಿಸಿದ್ದರೆ ಇದಕ್ಕೆಲ್ಲ ಮೊದಲು ಸಿಹಿನೀರಿನಲ್ಲಿ, ಥರ್ಮೋಸ್ಟಾಟ್ ತೆರೆಯುವಷ್ಟು ಹೊತ್ತು ಓಡಿಸಿ ತೊಳೆಯಬೇಕು. ಆಮೇಲೆ ನೆಟ್ಟಗೆ ನಿಲ್ಲಿಸಿಡಬೇಕು, ಒಳಗಿನ ನೀರೆಲ್ಲ ಬಸಿದುಹೋಗಲಿ.

ನಿಧಾನದೋಣಿ

ಗೇರ್ ಆಯಿಲ್ ತೆಗೆದೆ. ಹಾಲು ಬೆರೆಸಿದಂಥ ಬಣ್ಣದಲ್ಲಿ ಬಂತು. ನೀರು ಸೇರಿದೆ ಎಂದು ಗೊತ್ತಾಗುತ್ತದೆ. ಎಲ್ಲಿಂದ ಎಂದು ಹೇಗೆ ಕಂಡುಹಿಡಿಯಲಿ?

ತುಕ್ಕುವೈರಿ

ಮೊದಲು ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ಶಾಫ್ಟಿಗೆ ಮೀನಿನ ಗಾಳದ ದಾರ ಸುತ್ತಿಕೊಂಡಿದೆಯೇ ನೋಡಿ. ನೈಲಾನ್ ದಾರ ಬಿಸಿಗೆ ಕರಗಿ ಸೀಲನ್ನು ಕೊರೆಯುತ್ತದೆ. ಎರಡನೆಯದಾಗಿ, ಎಣ್ಣೆ ತಿರುಪುಗಳ ಪುಟ್ಟ ವಾಷರುಗಳು. ಎಷ್ಟೋ ಸಲ ದೋಷ ಅವುಗಳದ್ದೇ. ಪ್ರತಿ ಸಲ ಹೊಸದು ಹಾಕಬೇಕು. ಅವೆರಡೂ ಸರಿಯಿದ್ದರೆ ಖಾಲಿ ಗೇರ್ ಪೆಟ್ಟಿಗೆಗೆ ಕೈಪಂಪಿನಿಂದ ಸ್ವಲ್ಪ ಗಾಳಿಯೊತ್ತಡ ಕೊಟ್ಟು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ನೋಡಿ. ಎಣ್ಣೆ ತುಂಬುವಾಗ ಕೆಳಗಿನ ರಂಧ್ರದಿಂದ ಒತ್ತಿ, ಮೇಲಿನದರಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೆ ತುಂಬಬೇಕು. ಮೇಲಿನ ತಿರುಪನ್ನು ಮೊದಲು ಮುಚ್ಚಿ, ಆಮೇಲೆ ಕೆಳಗಿನ ಕೊಳವೆ ಕೀಳಿ.

ಫ್ಲೈವೀಲ್ ಪಂಡಿತ

ತಿರುಪುಗಳ ವಿಷಯ ಬಂದದ್ದರಿಂದ ಒಂದು ಮಾತು. ಕೆಲವು ಜಾನ್ಸನ್, ಎವಿನ್‌ರೂಡ್ ಮೋಟಾರುಗಳಲ್ಲಿ ಎಣ್ಣೆ ಬಸಿಯುವ ದೊಡ್ಡ ತಿರುಪಿನ ಹತ್ತಿರವೇ ನಕ್ಷತ್ರ ತಲೆಯ ಇನ್ನೊಂದು ತಿರುಪಿರುತ್ತದೆ. ಅದು ಗೇರ್ ಬದಲಿಸುವ ಸನ್ನೆಯನ್ನು ಒಳಗೆ ಹಿಡಿದಿರುವ ಕೀಲು. ಎಣ್ಣೆಯ ತಿರುಪೆಂದುಕೊಂಡು ಅದನ್ನು ಬಿಚ್ಚಿದರೆ ಒಳಗಿನ ಸನ್ನೆ ಜಾರಿ, ಇಡೀ ಕೆಳಭಾಗವನ್ನು ಬಿಚ್ಚಿ ಜೋಡಿಸುವ ಕೆಲಸ ತಲೆಗೆ ಕಟ್ಟಿಕೊಳ್ಳುತ್ತದೆ.

ಹೊಸಬ_25

ನನ್ನದು ಜಾನ್ಸನ್. ಯಾವ ವರ್ಷದ್ದೆಂದೇ ಗೊತ್ತಿಲ್ಲ, ಹಾಗಾಗಿ ಭಾಗಗಳನ್ನು ತರಿಸುವುದು ಕಷ್ಟವಾಗಿದೆ.

ಫ್ಲೈವೀಲ್ ಪಂಡಿತ

ದೋಣಿಗೆ ಕಚ್ಚಿಸುವ ಬ್ರ್ಯಾಕೆಟ್ ಮೇಲೆ ಮಾದರಿಯ ಸಂಖ್ಯೆ ಇರುತ್ತದೆ. ತಗಡು ಕಿತ್ತುಹೋಗಿದ್ದರೆ ಇಂಜಿನ್ನಿನ ಪಕ್ಕದಲ್ಲಿ ಒತ್ತಿ ಕೂರಿಸಿರುವ ನಾಣ್ಯದಾಕಾರದ ಬಿರಡೆಯ ಮೇಲೆ ನೋಡಿ, ಬಹಳಷ್ಟು ಮಾದರಿಗಳಲ್ಲಿ ಅಲ್ಲೂ ಕೆತ್ತಿರುತ್ತಾರೆ. 1980ರಿಂದ ಈಚಿನ ಜಾನ್ಸನ್, ಎವಿನ್‌ರೂಡ್ ಆದರೆ ಆ ಸಂಖ್ಯೆಯಲ್ಲೇ ವರ್ಷ ಅಡಗಿದೆ. ‘ಇಂಟ್ರೊಡ್ಯೂಸಸ್’ (INTRODUCES) ಎಂಬ ಪದದ ಹತ್ತು ಇಂಗ್ಲಿಷ್ ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ 0 ಎಂದು ಬೆಲೆ ಕೊಟ್ಟು, ವರ್ಷದ ಕೊನೆಯ ಎರಡು ಅಂಕಿಗಳನ್ನು ಅಕ್ಷರಗಳಲ್ಲಿ ಬರೆದಿದ್ದಾರೆ. ‘ಸಿ’ ಎಂದರೆ 8, ‘ಡಿ’ ಎಂದರೆ 6. ಸಂಖ್ಯೆಯ ಕೊನೆಯ ಭಾಗದಲ್ಲಿ ‘ಸಿಡಿ’ ಎಂದಿದ್ದರೆ ಮೋಟಾರು 1986ರದ್ದು.

ಅಲೆಗಾರ

ತಯಾರಿಕೆಯೇ ನಿಂತುಹೋದ ಮೋಟಾರಿಗೆ ಭಾಗಗಳು ಎಷ್ಟು ದಿನ ಸಿಗುತ್ತವೆ? ಜಾನ್ಸನ್, ಎವಿನ್‌ರೂಡ್ ಮೋಟಾರುಗಳನ್ನು ತಯಾರಿಸುತ್ತಿದ್ದ ಓಎಂಸಿ ಕಂಪನಿ 2000ದ ಕೊನೆಯಲ್ಲೇ ದಿವಾಳಿಯಾಯಿತು, ಆಮೇಲೆ ಕೊಂಡವರೂ 2020ರಲ್ಲಿ ಎವಿನ್‌ರೂಡ್ ತಯಾರಿಕೆ ನಿಲ್ಲಿಸಿದರು.

ತುಕ್ಕುವೈರಿ

ಒಂದೇ ವಿನ್ಯಾಸವನ್ನು ವರ್ಷಾನುಗಟ್ಟಲೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಮಾಡುತ್ತಿದ್ದುದರಿಂದ ಇಂಪೆಲ್ಲರ್, ಕಾರ್ಬುರೇಟರ್ ಕಿಟ್, ಕಾಯಿಲ್, ಸೀಲ್ ಇವನ್ನು ಬೇರೆ ತಯಾರಕರು ಈಗಲೂ ಮಾಡುತ್ತಿದ್ದಾರೆ. ಸವೆಯುವ ಭಾಗಗಳ ಚಿಂತೆ ಬೇಡ. ಗೇರುಗಳು, ಕೆಳಭಾಗದ ಎರಕದ ಪೆಟ್ಟಿಗೆ, ಮೇಲಿನ ಕವಚ, ಇವು ಮುರಿದರೆ ಮಾತ್ರ ಇನ್ನೊಂದು ಹಳೆಯ ಮೋಟಾರನ್ನೇ ಹುಡುಕಬೇಕಾಗುತ್ತದೆ. ಕೊಳ್ಳುವ ಮೊದಲು ಇವನ್ನೇ ಹೆಚ್ಚು ಪರೀಕ್ಷಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ನಿಧಾನದೋಣಿ

ಪ್ರೊಪೆಲ್ಲರ್ ಶಾಫ್ಟಿನಲ್ಲಿ ನಿಜಕ್ಕೂ ದಾರ ಸುತ್ತಿಕೊಂಡಿತ್ತು, ಸೀಲ್ ಬದಲಿಸಿದೆ. ಇಂಪೆಲ್ಲರ್ ಬದಲಿಸಲು ಕೆಳಭಾಗ ಇಳಿಸಬೇಕಲ್ಲ, ಅದರ ಬೋಲ್ಟುಗಳಲ್ಲಿ ಒಂದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಇನ್ನೂ ಜೋರು ಹಾಕಿದರೆ ತಲೆ ತುಂಡಾಗುವ ಭಯ.

ಕಡಲಕಾಗೆ

ಜೋರು ಹಾಕಲೇಬೇಡಿ. ಅಲ್ಯೂಮಿನಿಯಂ ಮೈಯೊಳಗೆ ಉಕ್ಕಿನ ಬೋಲ್ಟ್ ಕೂತು ಉಪ್ಪುನೀರು ಸೇರಿದಾಗ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಆ ಪುಡಿಯೇ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಪೆಟ್ರೋಲ್ ಟ್ಯಾಂಕನ್ನು ದೂರವಿಟ್ಟು, ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಮನ್ನು ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಅಲುಗಿದ ಮೇಲೂ ಹಿಂದೆ ಮುಂದೆ ಆಡಿಸುತ್ತಲೇ ತೆಗೆಯಿರಿ. ಮತ್ತೆ ಹಾಕುವಾಗ ಎಳೆಗಳಿಗೆ ನೀರು ತಡೆಯುವ ಗ್ರೀಸ್ ಹಚ್ಚಿದರೆ ಮುಂದಿನ ಸಲ ಈ ಪಾಡು ಇರುವುದಿಲ್ಲ.

ಹಾಗೆಯೇ ಆನೋಡ್, ಅಂದರೆ ಮೋಟಾರಿನ ಬದಲು ತಾನು ಕರಗಿ ಅದನ್ನು ಉಳಿಸುವ ಲೋಹದ ತುಂಡು, ಎಷ್ಟು ಉಳಿದಿದೆ ನೋಡಿ. ಅರ್ಧ ಕರಗಿದ್ದರೆ ಬದಲಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ. ಬಣ್ಣ ಬಳಿದ ಆನೋಡ್ ಇದ್ದೂ ಇಲ್ಲದಂತೆ. ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ, ಎರಡಕ್ಕೂ ಅಲ್ಯೂಮಿನಿಯಂ ನಡೆಯುತ್ತದೆ.

ಹೊಸಬ_25

ಮೋಟಾರು ನೀರಿಗೆ ಬಿದ್ದರೆ ಅಲ್ಲಿಗೆ ಮುಗಿಯಿತೇ? ನನ್ನ ಬ್ರ್ಯಾಕೆಟ್ಟಿನ ತಿರುಪು ಪದೇ ಪದೇ ಸಡಿಲಾಗುತ್ತಿದೆ.

ತುಕ್ಕುವೈರಿ

ಮೊದಲು ಸರಪಳಿಯೋ ಗಟ್ಟಿ ಹಗ್ಗವೋ ಕಟ್ಟಿ, ಪ್ರಶ್ನೆ ಆಮೇಲೆ ಕೇಳಿ. ಬಿದ್ದರೂ ಮುಗಿಯುವುದಿಲ್ಲ. ಕಬ್ಬಿಣಕ್ಕೆ ನೀರಿಗಿಂತ ನೀರಿನಿಂದ ಮೇಲೆತ್ತಿದ ಮೇಲೆ ತಾಗುವ ಗಾಳಿ ಹೆಚ್ಚು ಅಪಾಯ. ಎತ್ತಿದ ಕೆಲವೇ ಗಂಟೆಗಳಲ್ಲಿ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು, ರಂಧ್ರ ಕೆಳಮುಖವಾಗಿ ಹಿಡಿದು ನೀರು ಬಸಿದು, ಸಿಲಿಂಡರಿಗೆ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ, ಕಾರ್ಬುರೇಟರ್ ತೊಳೆದು ಓಡಿಸಲೇಬೇಕು. ಅಷ್ಟು ಬೇಗ ಆಗದಿದ್ದರೆ ಆಗುವವರೆಗೂ ಸಿಹಿನೀರಿನಲ್ಲೇ ಮುಳುಗಿಸಿಡಿ. ಓಡುತ್ತಿರುವಾಗಲೇ ಬಿದ್ದಿದ್ದರೆ ಮಾತ್ರ ಹಗ್ಗ ಎಳೆಯುವ ಮೊದಲು ಕೈಯಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ನೀರನ್ನು ಒತ್ತಲು ಹೋಗಿ ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆ ಇರುತ್ತದೆ. ಎಲ್ಲಾದರೂ ತಡೆದರೆ ಇಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ.

ನಿಧಾನದೋಣಿ

ಬೋಲ್ಟ್ ತುಂಡಾಗದೆ ಬಂತು. ಕೆಳಭಾಗ ಇಳಿಸಿ ಇಂಪೆಲ್ಲರ್ ನೋಡಿದರೆ ರೆಕ್ಕೆಗಳೆಲ್ಲ ಒಂದೇ ಕಡೆಗೆ ಬಾಗಿ ಸೆಟೆದಿದ್ದವು, ಆದರೆ ಯಾವುದೂ ಮುರಿದಿರಲಿಲ್ಲ. ಹೊಸದು ಹಾಕಿ ಜೋಡಿಸಿದ್ದೇನೆ. ಈಗ ತೊಟ್ಟಿಯಲ್ಲಿ ಓಡಿಸಿದರೆ ಹಿಂದಿನ ರಂಧ್ರದಿಂದ ನೀರು ಚಿಮ್ಮದೆ ತೊಟ್ಟಿಕ್ಕುತ್ತಿದೆ. ಇಂಜಿನ್ನಿನ ತಲೆಯನ್ನು ಮುಟ್ಟಿದರೆ ಅಂಥ ಬಿಸಿಯೇನೂ ಇಲ್ಲ. ಮತ್ತೆ ಬಿಚ್ಚಬೇಕೇ?

ಅಲೆಗಾರ

ತೊಟ್ಟಿಯಲ್ಲಿ ನೀರು ಎಷ್ಟಿದೆ? ಪಂಪ್ ಮುಳುಗುವಷ್ಟು ಇರಬೇಕು.

ನಿಧಾನದೋಣಿ

ಪಂಪಿಗಿಂತ ಒಂದು ಗೇಣು ಮೇಲಿದೆ.

ತುಕ್ಕುವೈರಿ

ಹಾಗಿದ್ದರೆ ಬಿಚ್ಚಬೇಡಿ. ಇಂಜಿನ್ ನಿಲ್ಲಿಸಿ, ಆ ರಂಧ್ರದೊಳಗೆ ದಪ್ಪನೆಯ ಗಾಳದ ದಾರವನ್ನು ತೂರಿಸಿ ಹಿಂದೆ ಮುಂದೆ ಆಡಿಸಿ. ಉಪ್ಪಿನ ಹರಳೋ ಕೆಸರೋ ಕೂತಿರುತ್ತದೆ. ಲೋಹದ ತಂತಿ ಹಾಕಿ ಒಳಗಿನ ರಬ್ಬರ್ ನಳಿಕೆಯನ್ನು ಚುಚ್ಚಬೇಡಿ. ಅದಕ್ಕೂ ಬಿಡದಿದ್ದರೆ ನಳಿಕೆಯನ್ನು ಇಂಜಿನ್ನಿನ ಕಡೆಯಿಂದ ಕಳಚಿ ಮತ್ತೆ ಓಡಿಸಿ. ಅಲ್ಲಿ ನೀರು ರಭಸವಾಗಿ ಬಂದರೆ ಕಟ್ಟಿಕೊಂಡಿರುವುದು ನಳಿಕೆ ಮಾತ್ರ, ಪಂಪ್ ಚೆನ್ನಾಗಿದೆ.

ನಿಧಾನದೋಣಿ

ದಾರಕ್ಕೇ ಬಿಟ್ಟಿತು. ಮರಳಿನ ಉಂಡೆಯೊಂದು ಹೊರಬಿದ್ದು, ನೀರು ತೊಟ್ಟಿಯ ಅಂಚು ದಾಟಿ ನನ್ನ ಕಾಲ ಮೇಲೇ ಬೀಳುತ್ತಿದೆ.